ಮಕ್ಕಳ ಐಸಿಯುನಲ್ಲಿ ನರ್ಸ್ ಆಗಿದ್ದೇನೆ. ಅಮೆರಿಕದಲ್ಲಿ ಅಕ್ಯೂಟ್ ಕೇರ್ ಪಿಎನ್‌ಪಿ ಓದಲಾ, ಎಫ್‌ಎನ್‌ಪಿ ಸಾಕಾ?

ನಿಮ್ಮ ಪ್ರಶ್ನೆ ಓದಿದಾಗ ಕೆಲವು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಊರಲ್ಲಿ ಬಿ.ಎಸ್ಸಿ ನರ್ಸಿಂಗ್, ಆಮೇಲೆ ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್, ಈಗ ಟೆಕ್ಸಾಸ್‌ನ ಮಕ್ಕಳ ಐಸಿಯುನಲ್ಲಿ ಎರಡು ವರ್ಷ ಅಂತ ಬರೆದಿದ್ದೀರಿ. ನರ್ಸ್ ಪ್ರಾಕ್ಟೀಷನರ್ (ಎನ್‌ಪಿ), ಅಂದರೆ ರೋಗಿಯನ್ನು ತಾನೇ ಪರೀಕ್ಷಿಸಿ ಔಷಧಿ ಬರೆಯುವ ನರ್ಸ್, ಆಗುವ ಆಸೆ. ಪಿಎನ್‌ಪಿ ಅಂದರೆ ಮಕ್ಕಳ ಎನ್‌ಪಿ, ಎಫ್‌ಎನ್‌ಪಿ ಅಂದರೆ ಫ್ಯಾಮಿಲಿ ಎನ್‌ಪಿ. ಮನೆಯವರು ಮಾತ್ರ "ಸುಮ್ನೆ ಎಫ್‌ಎನ್‌ಪಿ ಮಾಡು, ಎಲ್ಲಿ ಬೇಕಾದರೂ ಕೆಲಸ ಸಿಗುತ್ತೆ" ಅನ್ನುತ್ತಿದ್ದಾರೆ. ನಿಮಗೆ ಐಸಿಯು ಬಿಡಲು ಮನಸ್ಸಿಲ್ಲ.

ಮನಸ್ಸಿಲ್ಲ ಅಂದರೆ ಎಫ್‌ಎನ್‌ಪಿ ಬೇಡ. ಅದು ಕ್ಲಿನಿಕ್ ಕೆಲಸದ ಓದು, ಮಗುವಿನಿಂದ ಅಜ್ಜನವರೆಗೆ ಎಲ್ಲರನ್ನೂ ನೋಡುವುದು. ಒಳ್ಳೆಯ ಕೆಲಸವೇ, ಆದರೆ ವೆಂಟಿಲೇಟರ್ ಮೇಲಿರುವ ಮಗುವನ್ನು ನೋಡಿಕೊಳ್ಳಲು ಅದರಲ್ಲಿ ಕಲಿಸುವುದಿಲ್ಲ. 2008ರಲ್ಲಿ ಇಲ್ಲಿನ ನರ್ಸಿಂಗ್ ಸಂಸ್ಥೆಗಳೆಲ್ಲ ಸೇರಿ ಒಂದು ಚೌಕಟ್ಟು ಒಪ್ಪಿಕೊಂಡವು. ಅದರ ಪ್ರಕಾರ ಮಕ್ಕಳ ಎನ್‌ಪಿಯಲ್ಲೇ ಎರಡು ದಾರಿ: ಸಾಮಾನ್ಯ ಆರೋಗ್ಯ ನೋಡುವ ಪ್ರೈಮರಿ ಕೇರ್ ಒಂದು, ತೀವ್ರ ಕಾಯಿಲೆಯ ಮಕ್ಕಳನ್ನು ನೋಡುವ ಅಕ್ಯೂಟ್ ಕೇರ್ ಇನ್ನೊಂದು. ಪರೀಕ್ಷೆಯೂ ಬೇರೆ ಬೇರೆ. ಮೊದಲು ಎಫ್‌ಎನ್‌ಪಿ ಮಾಡಿ ಆಮೇಲೆ ಐಸಿಯುಗೆ ಬರಬೇಕು ಅಂತ ಮತ್ತೆ ಸರ್ಟಿಫಿಕೇಟ್ ಕೋರ್ಸ್‌ಗೆ ಸೇರಿದ ಇಬ್ಬರು ಗೆಳತಿಯರು ನನಗಿದ್ದಾರೆ. ಎರಡೆರಡು ಸಲ ಫೀಸು. ಇನ್ನೊಂದು ವಿಷಯ, ನಿಮ್ಮ ಆಸಕ್ತಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಮೇಲಿದ್ದರೆ ಅದು ನಿಯೋನೇಟಲ್ ಎನ್‌ಪಿ. ಅದರ ಓದು, ಪರೀಕ್ಷೆ ಎಲ್ಲ ಬೇರೆ. ಇದನ್ನು ಸೇರುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಮನೆಯವರಿಗೆ ಹೇಳಲು ಒಂದು ಮಾತು ಬೇಕಿದ್ದರೆ: ನರ್ಸ್ ಪ್ರಾಕ್ಟೀಷನರ್ ಅನ್ನುವ ಕೆಲಸ ಶುರುವಾಗಿದ್ದೇ ಮಕ್ಕಳಿಂದ. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್ ಮತ್ತು ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಸೇರಿ ಮೊದಲ ತರಬೇತಿ ನಡೆಸಿದರು. ಆಯಮ್ಮ 104 ವರ್ಷ ಬದುಕಿ, 2025ರ ಜನವರಿಯಲ್ಲಿ ತೀರಿಕೊಂಡರು.

ಈಗ ಓದಿನ ವಿಷಯ. ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಆದರೆ ಫುಲ್ ಟೈಮ್ ಸುಮಾರು ಎರಡು ವರ್ಷ, ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಆದರೆ ಮೂರೋ ನಾಲ್ಕೋ. 2025ರ ಹೊತ್ತಿಗೆ ಎಲ್ಲರಿಗೂ ಡಿಎನ್‌ಪಿ ಆಗಬೇಕು ಅಂತ ಎನ್‌ಪಿ ಅಧ್ಯಾಪಕರ ಸಂಘ 2018ರಲ್ಲಿ ಹೇಳಿತ್ತು. ಹಾಗೇನೂ ಆಗಲಿಲ್ಲ, ಎಂಎಸ್‌ಎನ್ ಮಾಡಿದವರು ಈಗಲೂ ಪರೀಕ್ಷೆ ಬರೆಯುತ್ತಿದ್ದಾರೆ. ಎಲ್ಲಿ ಸೇರಿದರೂ ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ, ಫಿಸಿಕಲ್ ಅಸೆಸ್‌ಮೆಂಟ್ ಈ ಮೂರು ತಪ್ಪುವುದಿಲ್ಲ. ಇಲ್ಲಿ "ಮೂರು ಪಿ" ಅನ್ನುತ್ತಾರೆ. ಎರಡು ವರ್ಷ ಐಸಿಯುನಲ್ಲಿ ಇದ್ದವರಿಗೆ ಇವು ಓದಿದರೆ ಬರುತ್ತವೆ. ಜಿಎನ್‌ಎಂ ಡಿಪ್ಲೊಮಾ ಮಾಡಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಡಿಪ್ಲೊಮಾದಿಂದ ನರ್ಸಿಂಗ್ ಪದವಿಗೆ (ಬಿಎಸ್‌ಎನ್) ಏರಿಸುವ ಸೇತುವೆ ಕೋರ್ಸ್ ಮುಗಿಸಿಕೊಳ್ಳಿ.

ಅರ್ಜಿ ಹಾಕುವಾಗ ನಮ್ಮವರಿಗೆ ತಲೆನೋವು ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ, ಅಂಕಗಳ ಅಧಿಕೃತ ದಾಖಲೆ. ಅದು ಊರಿನ ಯೂನಿವರ್ಸಿಟಿಯಿಂದ ನೇರವಾಗಿ ಇಲ್ಲಿನ ಮೌಲ್ಯಮಾಪನ ಸಂಸ್ಥೆಗೆ ಹೋಗಬೇಕು ಅಂತಾರೆ. ನನ್ನಣ್ಣ ಅದಕ್ಕಾಗಿ ಹಾಸನದಿಂದ ಮೂರು ಸಲ ಬಸ್ ಹತ್ತಿದ. ಒಂದು ಸಲ ಊಟದ ಸಮಯ, ಒಂದು ಸಲ ಸಾಹೇಬರು ರಜೆ. ಮೂರನೇ ಸಲ ಕೆಲಸ ಆಯಿತು.

ಕಾಲೇಜು ಆರಿಸುವಾಗ ಹೆಸರಿಗಿಂತ ಕ್ಲಿನಿಕಲ್ (ಆಸ್ಪತ್ರೆಯಲ್ಲಿ ನಡೆಯುವ ತರಬೇತಿ) ಬಗ್ಗೆ ಜಾಸ್ತಿ ವಿಚಾರಿಸಿ. ಪೆನ್ಸಿಲ್ವೇನಿಯಾ, ವ್ಯಾಂಡರ್ಬಿಲ್ಟ್, ಡ್ಯೂಕ್ ಇಂಥ ಕಡೆಯೆಲ್ಲ ಈ ವಿಭಾಗ ಇದೆ. 2022ರ ಹೊಸ ಮಾನದಂಡದ ಪ್ರಕಾರ ರೋಗಿಗಳ ಜೊತೆ ಕನಿಷ್ಠ 750 ಗಂಟೆ ಕಳೆಯಬೇಕು, ಮುಂಚೆ 500 ಇತ್ತು. ಆ ಗಂಟೆಗಳಲ್ಲಿ ನಿಮಗೆ ಕಲಿಸುವ ಪ್ರಿಸೆಪ್ಟರ್‌ನ ಹುಡುಕಿ ಕೊಡುವವರು ಯಾರು? ಇದೊಂದನ್ನು ಸೇರುವ ಮುಂಚೆ ಬರಹದಲ್ಲಿ ಕೇಳಿ. ನಾನು ಓದಿದ ಕಡೆ "ನಾವು ಸಹಾಯ ಮಾಡುತ್ತೇವೆ" ಅಂದಿದ್ದರು. ಸಹಾಯ ಅಂದರೆ ಒಂದು ಎಕ್ಸೆಲ್ ಹಾಳೆ, ಅದರಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋಗಿದ್ದವರು! ನನ್ನ ಯೂನಿಟ್‌ನಲ್ಲೇ ಕ್ಲಿನಿಕಲ್ ಮಾಡುವ ಹಾಗಿರಲಿಲ್ಲ. ಪಕ್ಕದ ಊರಿನ ಆಸ್ಪತ್ರೆಗಳಿಗೆ ನಾನೇ ಇಮೇಲ್ ಹಾಕಿ ಹಾಕಿ ಸುಸ್ತಾದೆ. ಇನ್ನು ಆನ್‌ಲೈನ್ ಕೋರ್ಸ್ ಆದರೆ, ಟೆಕ್ಸಾಸ್‌ನಲ್ಲಿ ಇರುವವರನ್ನು ಅವರು ಸೇರಿಸಿಕೊಳ್ಳುತ್ತಾರಾ ಅಂತಲೂ ನೋಡಿ. ಕೆಲವು ಕಾಲೇಜುಗಳಿಗೆ ಕೆಲವು ರಾಜ್ಯಗಳಲ್ಲಿ ಅನುಮತಿ ಇರುವುದಿಲ್ಲ.

ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ನಾನು ನಿಜವಾಗಿ ಒದ್ದಾಡಿದ್ದು ಬೇರೆ ಕಡೆ.

ಊರಲ್ಲಿ ರೌಂಡ್ಸ್ ಹೇಗಿರುತ್ತಿತ್ತು ನೆನಪಿದೆ ಅಲ್ವಾ? ದೊಡ್ಡ ಡಾಕ್ಟರ್ ಮುಂದೆ, ಪಿಜಿಗಳು ಹಿಂದೆ, ಫೈಲ್ ಹಿಡಿದುಕೊಂಡು ಕೊನೆಯಲ್ಲಿ ನಾವು. "ಸಿಸ್ಟರ್, ಬಿಪಿ ಎಷ್ಟು?" ಅಂದಾಗ ಹೇಳುವುದು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಇರುವುದು. ಆ ಅಭ್ಯಾಸ ವಿಮಾನ ಹತ್ತಿದರೂ ಹೋಗುವುದಿಲ್ಲ.

ಕ್ಲಿನಿಕಲ್ ಶುರುವಾಗಿ ಎರಡನೇ ವಾರ. ಏಳು ತಿಂಗಳ ಕೂಸು, ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಸೋಂಕು), ಮೂಗಿನ ನಳಿಕೆಯಲ್ಲಿ ಜೋರಾಗಿ ಕೊಡುವ ಹೈ ಫ್ಲೋ ಆಕ್ಸಿಜನ್ ಮೇಲಿತ್ತು. ಬೆಳಗ್ಗೆ ನಿಮಿಷಕ್ಕೆ 70 ಸಲ ಉಸಿರಾಡುತ್ತಿದ್ದದ್ದು ಮಧ್ಯಾಹ್ನ 36ಕ್ಕೆ ಇಳಿದಿತ್ತು. ತಾಯಿಗೆ ಸಮಾಧಾನ, "ಈಗ ಆರಾಮಾಗಿ ಮಲಗಿದೆ" ಅಂದಳು. ನಾನು ಹತ್ತಿರ ಹೋಗಿ ನೋಡಿದೆ. ಒಂದೊಂದು ಉಸಿರಿಗೂ ತಲೆ ತೂಗುತ್ತಿತ್ತು. ಉಸಿರು ಬಿಡುವಾಗ ಸಣ್ಣಗೆ ನರಳುವ ಸದ್ದು. ಮೂಗಿನ ನಳಿಕೆ ಸರಿ ಮಾಡಿದರೆ ಅಳಲೇ ಇಲ್ಲ. ಬೆಳಗ್ಗೆ ಮುಟ್ಟಿದರೆ ಕಿರುಚುತ್ತಿದ್ದ ಕೂಸು ಅದು. ಇದು ವಾಸಿಯಾಗುವ ಲಕ್ಷಣ ಅಲ್ಲ, ಸೋತು ಹೋಗುತ್ತಿರುವ ಲಕ್ಷಣ ಅಂತ ನಿಮಗೂ ಗೊತ್ತು.

ಅಟೆಂಡಿಂಗ್, ಅಂದರೆ ಹೊಣೆ ಹೊತ್ತ ಹಿರಿಯ ಡಾಕ್ಟರ್, ಬಂದರು. ನಾನು ನಂಬರ್‌ಗಳನ್ನೆಲ್ಲ ಸರಿಯಾಗಿ ಒಪ್ಪಿಸಿದೆ. "ಸರಿ, ಏನು ಮಾಡೋಣ ಅಂತೀರಿ?" ಅಂದರು. ನಾನು ಪ್ರಿಸೆಪ್ಟರ್ ಮುಖ ನೋಡಿದೆ. ಅವರು ಬೇಕಂತಲೇ ಮಾನಿಟರ್ ಕಡೆ ತಿರುಗಿಕೊಂಡರು. ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಹೇಳಿದೆ: ಮಗು ಸುಸ್ತಾಗಿದೆ, ಬ್ಲಡ್ ಗ್ಯಾಸ್ ಪರೀಕ್ಷೆಗೆ ರಕ್ತ ಕಳಿಸೋಣ, ಬೈಪ್ಯಾಪ್ (ಮಾಸ್ಕ್‌ನಿಂದ ಉಸಿರಿಗೆ ಒತ್ತಾಸೆ ಕೊಡುವ ಯಂತ್ರ) ಹಾಕೋಣ, ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಕೊಳವೆ ಹಾಕುವುದು) ಸಾಮಾನು ಬೆಡ್ ಪಕ್ಕ ತಂದಿಡೋಣ. "ಆಯ್ತು, ಮಾಡಿ" ಅಂದು ಮುಂದಿನ ಬೆಡ್‌ಗೆ ಹೋದರು. ಅಷ್ಟೇ.

ಆಮೇಲೆ ಕಾಫಿ ಕುಡಿಯುವಾಗ ಪ್ರಿಸೆಪ್ಟರ್ ಕೇಳಿದರು, "ನಿನಗೆ ಮೊದಲೇ ಗೊತ್ತಿತ್ತು. ಮತ್ತೆ ಯಾರಿಗೆ ಕಾಯುತ್ತಿದ್ದೆ?"

ಉತ್ತರ ಹೊಳೆಯಲಿಲ್ಲ. ರಕ್ತನಾಳಕ್ಕೆ ಲೈನ್ ಹಾಕುವುದು, ಬೆನ್ನುಹುರಿ ನೀರು ತೆಗೆಯುವುದು, ಇಂಟ್ಯುಬೇಷನ್ ಎಲ್ಲ ಕೈ ಪಳಗಿದಂತೆ ಬಂದವು. "ಹೀಗೆ ಮಾಡೋಣ" ಅಂತ ತಡವರಿಸದೆ ಹೇಳಲು ಒಂದು ವರ್ಷವೇ ಹಿಡಿಯಿತು. ನರ್ಸ್ ಆಗಿದ್ದಾಗ ಕೆಜಿ ಲೆಕ್ಕದಲ್ಲಿ ಡೋಸ್ ಸರಿ ಇದೆಯಾ ಅಂತ ನೋಡುತ್ತಿದ್ದೆ. ಈಗ ಆ ಡೋಸ್ ಬರೆಯುವವಳು ನಾನೇ. ಮೊದಲ ತಿಂಗಳು ಮನೆಗೆ ಬಂದ ಮೇಲೂ ಯೂನಿಟ್‌ಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ.

ಉಳಿದದ್ದು ಬೇಗ ಹೇಳುತ್ತೇನೆ. ಓದು ಮುಗಿದ ಮೇಲೆ ಪೀಡಿಯಾಟ್ರಿಕ್ ನರ್ಸಿಂಗ್ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ. ಮೂರು ಗಂಟೆ, 175 ಪ್ರಶ್ನೆ, ಲೆಕ್ಕಕ್ಕೆ ಹಿಡಿಯುವುದು 150. ಯಾವ 25 ಬಿಡುತ್ತಾರೆ ಅಂತ ಗೊತ್ತಾಗುವುದಿಲ್ಲ. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಲು ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಬೇಕು, ಆದರೆ ಐಸಿಯುನಲ್ಲಿ ಹೇಗೂ ಅಟೆಂಡಿಂಗ್ ಇದ್ದೇ ಇರುತ್ತಾರೆ. ದುಡ್ಡಿನ ಆಸೆಗೆ ಮಾತ್ರ ಬರಬೇಡಿ. ಓವರ್‌ಟೈಮ್ ಮಾಡುತ್ತಿದ್ದ ನರ್ಸ್ ದಿನಗಳಿಗಿಂತ ನನ್ನ ಮೊದಲ ವರ್ಷದ ಸಂಬಳ ಅಷ್ಟೇನೂ ಜಾಸ್ತಿ ಇರಲಿಲ್ಲ. ನಿಮ್ಮ ಆಸ್ಪತ್ರೆ ಫೀಸಿಗೆ ಸಹಾಯ ಕೊಡುತ್ತದಾ ಕೇಳಿ, ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆ ಇಲ್ಲ. ಎಷ್ಟು ವರ್ಷ ಅಲ್ಲೇ ಇರಬೇಕು ಅನ್ನುವ ಷರತ್ತನ್ನೂ ಓದಿ ಸಹಿ ಹಾಕಿ. ಮುಂದೆ ಊರಿಗೆ ಮರಳುವ ಯೋಚನೆ ಇದ್ದರೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನದೇ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ. ಅದೂ ಇದೂ ಒಂದೇ ಅಂದುಕೊಳ್ಳಬೇಡಿ.

ಚಿಕ್ಕ ಮಗು ಇಟ್ಟುಕೊಂಡು ಆಗುತ್ತಾ ಅಂತಲೂ ಕೇಳಿದ್ದೀರಿ. ನಾನು ಪಾರ್ಟ್ ಟೈಮ್ ಮೂರು ವರ್ಷದಲ್ಲಿ ಮುಗಿಸಿದೆ. ಕ್ಲಿನಿಕಲ್ ಜೋರಾಗಿದ್ದಾಗ ಅಮ್ಮ ಆರು ತಿಂಗಳು ಬಂದಿದ್ದರು. ಅವರಿಲ್ಲದಿದ್ದರೆ ಆಗುತ್ತಿರಲಿಲ್ಲ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ನಾಳೆ ರೌಂಡ್ಸ್‌ಗೆ ಮುಂಚೆ, ನಿಮ್ಮ ರಿಪೋರ್ಟ್ ಹಾಳೆಯ ಹಿಂದೆ ಆ ದಿನ ನೀವು ನೋಡಿಕೊಳ್ಳುವ ಎರಡು ಪೇಷಂಟ್ ಮಕ್ಕಳಿಗೂ ಇವತ್ತು ಏನು ಮಾಡಬೇಕು ಅಂತ ನೀವೇ ಬರೆದಿಡಿ. ಆಮೇಲೆ ಟೀಮ್ ಹೇಳಿದ್ದಕ್ಕೆ ಹೋಲಿಸಿ. ಮೊದಲ ವಾರ ನನ್ನದು ಹತ್ತಕ್ಕೆ ಮೂರು ಹೊಂದಿತ್ತು. ಶಿಫ್ಟ್ ಮುಗಿದ ಮೇಲೆ ರೋಗಿಗಳ ವಿವರ ಇರುವ ಆ ಹಾಳೆಯನ್ನು ಶ್ರೆಡ್ಡರ್ ಡಬ್ಬಿಗೆ ಹಾಕುವುದು ಮಾತ್ರ ಮರೆಯಬೇಡಿ.