ಎಲ್ಲವನ್ನೂ ಒಬ್ಬರೇ ಬಲ್ಲ ಸಂಸಾರ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ನಡುವೆ ಆಪ್ತಸಲಹೆಗಾರ್ತಿಯಾಗಿ ಕೆಲಸ ಮಾಡುವ ನನಗೆ, ನಿವೃತ್ತಿಯ ನಂತರ ಮೊದಲ ದೊಡ್ಡ ಪ್ರವಾಸಕ್ಕೆ ಹೋಗಿ, ಮಾತು ಬಿಟ್ಟು ಹಿಂದಿರುಗುವ ದಂಪತಿಗಳು ಹೊಸಬರಲ್ಲ. ಅಂಥ ಒಂದು ದಂಪತಿಯ ಈ ಪ್ರಕರಣವನ್ನು ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಭಯವನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಂಡಿದ್ದೇನೆ.

ಪತಿ ನಿವೃತ್ತ ಎಂಜಿನಿಯರ್. ಪತ್ನಿ ಮನೆ, ಮಕ್ಕಳು ಮತ್ತು ಒಂದು ಅರೆಕಾಲಿಕ ಕೆಲಸವನ್ನು ನಿಭಾಯಿಸಿದವರು. ಮಕ್ಕಳು ಬೇರೆ ಊರು ಸೇರಿದ ಮೇಲೆ ಇಪ್ಪತ್ತೈದು ಅಡಿ ಉದ್ದದ ಹಳೆಯ ಮೋಟರ್‌ಹೋಮ್, ಅಂದರೆ ಅಡುಗೆ, ಮಲಗುವ ವ್ಯವಸ್ಥೆಯೆಲ್ಲ ಒಳಗೇ ಇರುವ ಗಾಡಿ, ಕೊಂಡು, ಒಂದು ಏಪ್ರಿಲ್‌ನಲ್ಲಿ ಫ್ಲಾಗ್‌ಸ್ಟಾಫ್, ಪೇಜ್, ಮಾನ್ಯುಮೆಂಟ್ ವ್ಯಾಲಿ ದಾರಿಯಾಗಿ ಪಕ್ಕದ ಯೂಟಾ ರಾಜ್ಯದ ಕಡೆಗೆ ಹೊರಟರು. ತಿಂಗಳ ಪ್ರವಾಸವೆಂದು ಹೊರಟವರು ಅರ್ಧಕ್ಕೇ ಹಿಂದಿರುಗಿ, ಮಗಳ ಒತ್ತಾಯಕ್ಕೆ ನನ್ನಲ್ಲಿಗೆ ಬಂದರು.

ಮೊದಲ ಭೇಟಿಯಲ್ಲಿ ಅವರು ಹೇಳಿದ್ದೆಲ್ಲ ಸಣ್ಣ ಜಗಳಗಳೇ. ಪಾತ್ರೆ ತೊಳೆಯಲು ಪತ್ನಿ ಹೆಚ್ಚು ನೀರು ಬಳಸಿದರೆಂದು ಒಂದು ಜಗಳ. ಕ್ಯಾಂಪ್‌ನಲ್ಲಿ ಗಾಡಿಯನ್ನು ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಅವರು ಮಾಡಿದ ಕೈಸನ್ನೆ ಅರ್ಥವಾಗಲಿಲ್ಲವೆಂದು ಇನ್ನೊಂದು. ಗಡಿಯಾರಕ್ಕೂ ಒಂದು ಜಗಳವಾಗಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳಂತೆ ಅರಿಜೋನಾ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದಿಲ್ಲ, ಬಹುಪಾಲು ಅದರೊಳಗೇ ಇರುವ, ನವಾಹೊ ಮೂಲನಿವಾಸಿಗಳ ಸ್ವಯಮಾಡಳಿತದ ಪ್ರದೇಶವಾದ ನವಾಹೊ ನೇಷನ್ ತಿರುಗಿಸುತ್ತದೆ. ಹೀಗಾಗಿ ಪೇಜ್ ಬಿಟ್ಟ ಮೇಲೆ ಇಬ್ಬರ ಫೋನುಗಳು ಒಂದು ಗಂಟೆಯ ವ್ಯತ್ಯಾಸ ತೋರಿಸುತ್ತಿದ್ದವು. ಇಂಥ ಜಗಳಗಳಿಗಾಗಿ ಯಾರೂ ಪ್ರವಾಸವನ್ನು ಅರ್ಧಕ್ಕೆ ಬಿಟ್ಟು ಬರುವುದಿಲ್ಲವೆಂದು ನನಗೆ ಅನಿಸಿತು. ಎರಡನೆಯ ಭೇಟಿಯಲ್ಲಿ, ಹಿಂದಿರುಗುವ ನಿರ್ಧಾರವಾದ ದಿನದ ಬಗ್ಗೆ ಮಾತ್ರ ಹೇಳಿ ಎಂದು ಕೇಳಿದೆ.

ಅವರು ಆ ರಾತ್ರಿ ಆಗ್ನೇಯ ಯೂಟಾದ ವ್ಯಾಲಿ ಆಫ್ ದ ಗಾಡ್ಸ್ ಎಂಬಲ್ಲಿ ತಂಗಿದ್ದರು. ಕೆಂಪು ಕಲ್ಲಿನ ಗೋಪುರಗಳ ನಡುವೆ ಹದಿನೇಳು ಮೈಲಿಯ ಮಣ್ಣುರಸ್ತೆ ಇರುವ, ಕೇಂದ್ರ ಸರಕಾರದ ಬಯಲು ಜಮೀನು ಅದು. ಅಲ್ಲಿ ಶುಲ್ಕವಿಲ್ಲ, ನೀರಿಲ್ಲ, ಶೌಚಾಲಯವಿಲ್ಲ. ಇವರ ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ನಡುರಾತ್ರಿ ಪತಿಗೆ ಎದೆಯಲ್ಲಿ ನೋವು ಕಾಣಿಸಿತು. ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದು ಅವರು ಮಲಗಿಬಿಟ್ಟರು. ಬೆಳಗಾದ ಮೇಲೆ ತಾವೇ ಗಾಡಿ ಓಡಿಸಿಕೊಂಡು ಬ್ಲಾಂಡಿಂಗ್‌ನ ಆಸ್ಪತ್ರೆಗೆ ಹೋದರು. ಹೃದಯದ ತೊಂದರೆಯಲ್ಲ ಎಂದು ವೈದ್ಯರು ಹೇಳಿದರು. ಪತಿಯ ಪ್ರಕಾರ ವಿಷಯ ಅಲ್ಲಿಗೇ ಮುಗಿದಿತ್ತು. ಎಲ್ಲ ಸರಿಯಾದ ಮೇಲೂ ಹೆಂಡತಿ ಊರಿಗೆ ಹೋಗೋಣ ಎಂದು ಹಟ ಹಿಡಿದದ್ದು ಅವರಿಗೆ ಬಗೆಹರಿದಿರಲಿಲ್ಲ.

ಆಗ ಪತ್ನಿ ನನ್ನ ಕಡೆ ತಿರುಗಿ ಹೇಳಿದರು: “ಮೇಡಂ, ಇವರು ಮಲಗಿದ ಮೇಲೆ ನಾನು ಗಾಡಿ ಕೀ ಕೈಲಿ ಹಿಡ್ಕೊಂಡು ಬೆಳಗಿನ ತನಕ ಕೂತಿದ್ದೆ. ಉಸಿರಾಡ್ತಾ ಇದಾರಾ ಅಂತ ನೋಡೋದು, ಮತ್ತೆ ಕೀ ನೋಡೋದು. ಇವರಿಗೆ ಏನಾದ್ರೂ ಆಗಿದ್ರೆ ಆ ಗಾಡೀನ ಹತ್ತು ಅಡಿ ಸರಿಸೋಕೂ ನನಗೆ ಬರ್ತಿರಲಿಲ್ಲ.”

“ನನ್ನನ್ನ ಎಬ್ಬಿಸಬೇಕಿತ್ತು,” ಎಂದರು ಪತಿ.

“ಎಬ್ಬಿಸಿ ಏನು ಹೇಳಲಿ ರೀ? ನೀವೇ ಎದ್ದು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತಲಾ?”

ಪತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವಳಿಗೆ ತೊಂದರೆ ಆಗಬಾರದು ಅಂತಲೇ ಎಲ್ಲಾ ನಾನೇ ನೋಡ್ಕೊಂಡೆ,” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆಕೆ ಫೀನಿಕ್ಸ್‌ನ ಫ್ರೀವೇಗಳಲ್ಲಿ ವರ್ಷಗಳಿಂದ ಕಾರು ಓಡಿಸುವವರು, ಮತ್ತು ಆ ಗಾತ್ರದ ಮೋಟರ್‌ಹೋಮ್‌ಗೆ ಅರಿಜೋನಾದಲ್ಲಿ ಕಾರಿನ ಲೈಸೆನ್ಸೇ ಸಾಕು. ಆದರೂ ಇದು ಕಾರಲ್ಲ, ನಿನಗೆ ಕಷ್ಟ ಎಂದು ಪತಿ ಪ್ರೀತಿಯಿಂದಲೇ ಹೇಳಿದ್ದರು. ಆಕೆಯೂ ಒಪ್ಪಿ ಸುಮ್ಮನಾಗಿದ್ದರು.

ಮರುದಿನವೇ ಪತಿ ಪರಿಹಾರ ಹುಡುಕಿದರು. ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸಾಧನವೊಂದನ್ನು ಕೊಳ್ಳುತ್ತೇನೆ, ಇನ್ನು ಸಮಸ್ಯೆಯಿಲ್ಲ ಎಂದು ನನಗೆ ತಿಳಿಸಿದರು. ಖಂಡಿತ ಕೊಳ್ಳಿ, ಮರುಭೂಮಿಗೆ ಹೋಗುವ ಯಾರಿಗಾದರೂ ಅದು ಬೇಕು, ಆದರೆ ಇಷ್ಟರಿಂದ ಕೆಲಸ ಮುಗಿಯುವುದಿಲ್ಲ ಎಂದೆ. ಸಹಾಯ ಬರುವವರೆಗೆ ಕಾಯಬೇಕಾದವಳು ಅದೇ ಹೆಂಗಸು, ಮತ್ತು ಆ ಕಾಯುವಿಕೆಯಲ್ಲಿ ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಪತ್ನಿ ಆ ಗಾಡಿಯನ್ನು ಒಬ್ಬರೇ ಐವತ್ತು ಮೈಲಿ ಓಡಿಸುವವರೆಗೆ ಸಿಗ್ನಲ್ ಇಲ್ಲದ ಜಾಗಕ್ಕೆ ಹೋಗಕೂಡದು. ಭಾನುವಾರದ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಲಿಕೆ ಶುರುವಾಗಬೇಕು: ತಿರುವಿನಲ್ಲಿ ಗಾಡಿಯ ಹಿಂಭಾಗ ಎದುರು ದಿಕ್ಕಿಗೆ ಎಷ್ಟು ಹೊರಳುತ್ತದೆ, ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತದೆ, ಅಡ್ಡಗಾಳಿ ಬೀಸಿದಾಗ ಸ್ಟೀರಿಂಗ್ ಹೇಗೆ ಹಿಡಿಯಬೇಕು ಎಂಬುದನ್ನು ಆಕೆ ಕೈಯಾರೆ ತಿಳಿಯಬೇಕು. ಪತಿ ಪಕ್ಕದ ಸೀಟಿನಲ್ಲಿ ಕೂರಲಿ, ಅಪಾಯವಿಲ್ಲದಿದ್ದರೆ ಬಾಯಿ ತೆರೆಯದಿರಲಿ. ಗಾಡಿಯ ಕೊಳಚೆ ಟ್ಯಾಂಕ್‌ಗಳನ್ನು ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಮೊದಲು ಶೌಚದ ಟ್ಯಾಂಕ್ ಖಾಲಿ ಮಾಡಿ, ಆಮೇಲೆ ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬಿಟ್ಟರೆ ಪೈಪು ತಾನಾಗಿ ತೊಳೆದುಹೋಗುತ್ತದೆ. ಇಂಥ ಚಿಕ್ಕ ಸಂಗತಿಯೂ ಇಬ್ಬರಿಗೂ ಗೊತ್ತಿರಬೇಕು. ಹಾಗೆಯೇ ಅಡುಗೆಯ ಪಾಳಿ ವಾರದ ಅರ್ಧದಷ್ಟು ದಿನಗಳು ಪತಿಯದಾಗಬೇಕು, ಅಷ್ಟು ಕಡಿಮೆ ನೀರಿನಲ್ಲಿ ಅನ್ನ ಸಾರು ಮಾಡಿ ಪಾತ್ರೆ ತೊಳೆಯುವುದು ಎಂಥ ಕೆಲಸವೆಂದು ಅವರೂ ಅರಿಯಬೇಕು. ಇನ್ನೊಂದು ಮಾತನ್ನು ಬಿಡಿಸಿ ಹೇಳಿದೆ: ಎದೆನೋವು ಬಂದವರು ಬೆಳಗಿನವರೆಗೆ ಕಾಯಬಾರದು, ತಾವೇ ಗಾಡಿ ಓಡಿಸಲೂಬಾರದು.

ವಿರೋಧ ಮೊದಲು ಬಂದದ್ದು ಪತ್ನಿಯಿಂದ. ಈ ವಯಸ್ಸಿನಲ್ಲಿ ನನಗೇಕೆ ಇದೆಲ್ಲ, ಪ್ರವಾಸವೇ ಬೇಡ, ಮನೆಯಲ್ಲಿರೋಣ ಎಂದರು. ಆಪ್ತಸಲಹೆಗೆ ಬಂದವರನ್ನು ಒತ್ತಾಯಿಸಬಾರದೆಂದು ನನ್ನ ವೃತ್ತಿಯಲ್ಲಿ ಅನೇಕರು ನಂಬುತ್ತಾರೆ. ಡ್ರೈವಿಂಗ್ ಕಲಿಸುವುದು ನಿಮ್ಮ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದೂ ಉಂಟು. ಆದರೂ ನಾನು ಒತ್ತಾಯಿಸಿದೆ, ಅದು ಸರಿಯೆಂದೇ ಈಗಲೂ ನಂಬಿದ್ದೇನೆ. ಗಂಡ ತೀರಿಕೊಂಡ ವಾರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಗೊತ್ತಿಲ್ಲದೆ, ವಿಮೆ ಯಾವ ಕಂಪನಿಯದೆಂದು ತಿಳಿಯದೆ, ತೆರಿಗೆಯ ಕಾಗದಗಳ ಪೆಟ್ಟಿಗೆಯೆದುರು ಕುಳಿತ ಹೆಂಗಸರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಗಂಡಂದಿರು ಒಳ್ಳೆಯವರೇ ಆಗಿದ್ದರು, ಹೆಂಡತಿಗೆ ತೊಂದರೆ ಬೇಡವೆಂದೇ ಎಲ್ಲವನ್ನೂ ಹೊತ್ತವರು. ಒಬ್ಬರ ಶ್ರಮ ತಪ್ಪಿಸುತ್ತ ಅವರ ತಿಳಿವಳಿಕೆಯನ್ನೂ ತಪ್ಪಿಸುತ್ತೇವೆ ಎಂಬುದು ಪ್ರೀತಿಸುವವರ ಗಮನಕ್ಕೆ ಬರುವುದಿಲ್ಲ. ತವರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಅಣ್ಣತಮ್ಮಂದಿರು ಓಡಿಬರಲಾಗದ ಕಡೆ ಬದುಕುವ ಸಂಸಾರಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಈ ದಂಪತಿಗೆ ಒಂದು ರಾತ್ರಿಯ ನಿದ್ದೆಗೆಟ್ಟು ಅದು ತಿಳಿಯಿತು.

ಆಕೆ ಕಲಿತರು. ಮುಂದಿನ ಚಳಿಗಾಲದಲ್ಲಿ, ದೇಶದ ನಾನಾ ಕಡೆಯಿಂದ ಮೋಟರ್‌ಹೋಮ್‌ಗಳು ಬಂದು ಬೀಡುಬಿಡುವ ಅರಿಜೋನಾದ ಕ್ವಾರ್ಟ್ಸೈಟ್ ಊರಿಗೆ ಫೀನಿಕ್ಸ್‌ನಿಂದ ಇಂಟರ್‌ಸ್ಟೇಟ್ 10 ಹೆದ್ದಾರಿಯಲ್ಲಿ ಬಹುಪಾಲು ಅವರೇ ಓಡಿಸಿದರು. ಪಕ್ಕದಲ್ಲಿ ಕೂತ ಪತಿ ಸುಮ್ಮನಿರಲಿಲ್ಲವಂತೆ. ಟ್ರಕ್ಕುಗಳು ದಾಟಿ ಹೋದಾಗಲೆಲ್ಲ ಕಾಲು ತಾನಾಗಿ ಬ್ರೇಕ್ ಹುಡುಕುತ್ತಿತ್ತೆಂದು ಅವರೇ ಒಪ್ಪಿಕೊಂಡರು. ನೀರಿನ ಜಗಳ ಈಗಲೂ ನಡೆಯುತ್ತದೆ. ಮನೆಯ ಬ್ಯಾಂಕು, ವಿಮೆ, ಉಯಿಲುಗಳ ವಿಷಯದಲ್ಲಿ ಮಾತ್ರ ಪತಿ ಇನ್ನೂ ನಾಳೆ ನಾಳೆ ಎನ್ನುತ್ತಿದ್ದಾರೆ. ಮುಂದಿನ ಭೇಟಿಗೆ ಆ ಕಾಗದಗಳನ್ನೆಲ್ಲ ತರಬೇಕೆಂದು, ಪ್ರತಿಯೊಂದನ್ನೂ ಪತ್ನಿಯೇ ಓದಿ ನನಗೆ ವಿವರಿಸಬೇಕೆಂದು ಹೇಳಿ ಕಳಿಸಿದ್ದೇನೆ.