ಕರ್ನಲ್ ಕಟ್ಟುವಾಗ ಫೈಲ್ ಸಿಸ್ಟಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಲಿನಕ್ಸ್ ಕರ್ನಲ್ ಅನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ತಾವೇ ಕಂಪೈಲ್ ಮಾಡಿಕೊಳ್ಳುವ ಓದುಗರ ಪತ್ರಗಳಲ್ಲಿ ಈ ಸಲ ‘ಫೈಲ್ ಸಿಸ್ಟಮ್ಸ್’ (ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನಗಳು) ಮೆನುವಿನ ಪ್ರಶ್ನೆಗಳೇ ಹೆಚ್ಚು. ‘ಮೇಕ್ ಮೆನುಕಾನ್ಫಿಗ್’ ತೆರೆದರೆ ಬಹುತೇಕ ಆಯ್ಕೆಗಳಿಗೆ ಮೂರು ಉತ್ತರ ಕೊಡಬಹುದು. ವೈ ಎಂದರೆ ಕರ್ನಲ್‌ನ ಒಡಲಲ್ಲೇ ಸೇರಲಿ, ಎಂ ಎಂದರೆ ಡಿಸ್ಕ್‌ನಲ್ಲಿ ಬೇರೆ ಮಾಡ್ಯೂಲ್ ಆಗಿರಲಿ, ಎನ್ ಎಂದರೆ ಬೇಡ. ಮೆನುವಿನ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ.

ಪ್ರಶ್ನೆ: 6.12 ಕರ್ನಲ್ ಕಟ್ಟಿ ಬೂಟ್ ಮಾಡಿದರ ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’ ಅಂತ ಬಂದು ನಿಲ್ತದ. ಎಕ್ಸ್‌ಟಿ4ಗೆ ಎಂ ಕೊಟ್ಟೀನಿ. ಅದೇ ತಪ್ಪೇನ್ರಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಅದೂ ತಪ್ಪಿರಬಹುದು, ಆದರೆ ಈ ಸಂದೇಶ ಹೇಳುತ್ತಿರುವುದು ಬೇರೆಯದನ್ನು. ಆವರಣದಲ್ಲಿರುವ ಎರಡು ಅಂಕಿಗಳನ್ನು ಮೊದಲು ಓದಿ. (0,0) ಎಂದರೆ ರೂಟ್ ಡಿಸ್ಕೇ (ವ್ಯವಸ್ಥೆಯ ಮುಖ್ಯ ಕಡತಗಳಿರುವ ಡಿಸ್ಕ್) ಕರ್ನಲ್‌ಗೆ ಸಿಕ್ಕಿಲ್ಲ, ಫೈಲ್ ಸಿಸ್ಟಮ್‌ನ ಮಾತು ಇನ್ನೂ ಬಂದೇ ಇಲ್ಲ. (8,2) ಎಂದಿದ್ದರೆ ಎಸ್‌ಡಿಎ2 ವಿಭಾಗ (ಪಾರ್ಟಿಷನ್) ಸಿಕ್ಕಿದೆ, ಅದನ್ನು ಓದುವ ಫೈಲ್ ಸಿಸ್ಟಮ್ ಚಾಲಕ (ಡ್ರೈವರ್) ಇಲ್ಲ. ಮೆಮೊರಿ ಕಾರ್ಡ್‌ನಿಂದ ಬೂಟ್ ಆಗುವ ಬೋರ್ಡ್‌ಗಳಲ್ಲಿ ಮೊದಲ ಅಂಕಿ 179 ಇರುತ್ತದೆ.

ಪ್ಯಾನಿಕ್ ಆಗುವ, ಅಂದರೆ ಕೈಚೆಲ್ಲಿ ನಿಲ್ಲುವ ಮುನ್ನ ಕರ್ನಲ್ ತನಗೆ ಕಂಡ ವಿಭಾಗಗಳ ಪಟ್ಟಿ ಕೊಟ್ಟಿರುತ್ತದೆ. ಪರದೆಯ ಫೋಟೊ ತೆಗೆದುಕೊಂಡು ಅದನ್ನು ನೋಡಿ. ಪಟ್ಟಿ ಖಾಲಿ ಇದ್ದರೆ ಕಂಟ್ರೋಲರ್ ಚಾಲಕ ಸೇರಿಲ್ಲ: ಸಾಟಾ ಡಿಸ್ಕ್‌ಗೆ ಎಎಚ್‌ಸಿಐ ಜೊತೆಗೆ ಎಸ್‌ಸಿಎಸ್‌ಐ ಡಿಸ್ಕ್ ಸಪೋರ್ಟ್ ಎರಡೂ ಬೇಕು, ಎನ್‌ವಿಎಂಇಗೆ ಅದರದೇ ಬ್ಲಾಕ್ ಚಾಲಕ ಬೇಕು. ಇಡೀ ಡಿಸ್ಕ್ ಕಂಡು ವಿಭಾಗಗಳು ಕಾಣದಿದ್ದರೆ ಜಿಪಿಟಿ ವಿಭಾಗ ಕೋಷ್ಟಕದ ಬೆಂಬಲ ಬಿಟ್ಟುಹೋಗಿದೆ. ಅದು ಫೈಲ್ ಸಿಸ್ಟಮ್ಸ್ ಮೆನುವಿನಲ್ಲಿಲ್ಲ, ಬ್ಲಾಕ್ ಲೇಯರ್ ಕೆಳಗಿನ ‘ಪಾರ್ಟಿಷನ್ ಟೈಪ್ಸ್’ನಲ್ಲಿದೆ. ವಿಭಾಗವೂ ಕಂಡಿದ್ದರೆ ಆಗ ಎಕ್ಸ್‌ಟಿ4 (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್ ಸಿಸ್ಟಮ್) ಕಡೆ ಬನ್ನಿ.

ಇನ್ನು ನಿಮ್ಮ ಎಂ. ಮಾಡ್ಯೂಲ್‌ಗಳು ಇರುವುದೇ ರೂಟ್ ವಿಭಾಗದಲ್ಲಿ. ಆ ವಿಭಾಗ ತೆರೆಯಲು ಬೇಕಾದ ಚಾಲಕವನ್ನೂ ಅಲ್ಲೇ ಇಟ್ಟರೆ, ಕೋಣೆಯ ಕೀಲಿಯನ್ನು ಕೋಣೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡಂತೆ. ಇದಕ್ಕೆ ಎರಡೇ ದಾರಿ. ಕಂಟ್ರೋಲರ್, ವಿಭಾಗ ಕೋಷ್ಟಕ, ರೂಟ್‌ನ ಫೈಲ್ ಸಿಸ್ಟಮ್ ಈ ಮೂರಕ್ಕೂ ವೈ ಕೊಡುವುದು ಒಂದು. ಇನಿಟ್‌ರಾಮ್‌ಎಫ್‌ಎಸ್ (ರೂಟ್ ತೆರೆಯಲು ಬೇಕಾದ ಮಾಡ್ಯೂಲ್‌ಗಳನ್ನು ಹೊತ್ತು ಕರ್ನಲ್ ಜೊತೆಗೇ ಲೋಡ್ ಆಗುವ ಕಡತ) ಬಳಸುವುದು ಇನ್ನೊಂದು. ಸ್ವಂತ ಯಂತ್ರಕ್ಕಾಗಿ ಕಟ್ಟುವವರಿಗೆ ಮೊದಲ ದಾರಿಯೇ ನೇರ. ಎಕ್ಸ್‌ಟಿ4 ಒಂದಕ್ಕೆ ವೈ ಕೊಟ್ಟರೆ ಅದರ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಭಾಗ ಜೆಬಿಡಿ2 ತಾನಾಗಿಯೇ ಸೇರಿಕೊಳ್ಳುತ್ತದೆ. ಎಕ್ಸ್‌ಟಿ3 ಚಾಲಕವನ್ನು ಹುಡುಕಬೇಡಿ. ಅದನ್ನು 2015ರಲ್ಲಿ 4.3ನೇ ಆವೃತ್ತಿಯಲ್ಲೇ ತೆಗೆದಾಗಿದೆ, ಹಳೆಯ ಎಕ್ಸ್‌ಟಿ3 ಡಿಸ್ಕ್‌ಗಳನ್ನೂ ಎಕ್ಸ್‌ಟಿ4 ಚಾಲಕವೇ ಓದುತ್ತದೆ.

ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವುದಾದರೆ ಬೂಟ್ ಸಾಲಿನಲ್ಲಿ ‘ರೂಟ್=ಯುಯುಐಡಿ’ ನಡೆಯುವುದಿಲ್ಲ. ಫೈಲ್ ಸಿಸ್ಟಮ್‌ನ ಯುಯುಐಡಿಯನ್ನು (ಗುರುತಿನ ಸಂಖ್ಯೆಯನ್ನು) ಹುಡುಕುವುದು ಇನಿಟ್‌ರಾಮ್‌ಎಫ್‌ಎಸ್‌ನ ಕೆಲಸ, ಕರ್ನಲ್‌ನದಲ್ಲ. ವಿಭಾಗದ ಗುರುತಾದ ‘ಪಾರ್ಟ್‌ಯುಯುಐಡಿ’ ಕೊಟ್ಟರೆ ಕರ್ನಲ್ ತಾನೇ ಗುರುತಿಸುತ್ತದೆ.

ಇನಿಟ್‌ರಾಮ್‌ಎಫ್‌ಎಸ್ ಇದ್ದೂ (0,0) ಬಂದರೆ ಎರಡು ಕಾರಣ ನೋಡಿ. ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಮೊದಲು, ‘ಮೇಕ್ ಇನ್‌ಸ್ಟಾಲ್’ ನಂತರ ಆಗಬೇಕು. ಹಿಂದುಮುಂದಾದರೆ ಮಾಡ್ಯೂಲ್‌ಗಳಿಲ್ಲದ ಟೊಳ್ಳು ಇನಿಟ್‌ರಾಮ್‌ಎಫ್‌ಎಸ್ ತಯಾರಾಗುತ್ತದೆ. ಎರಡನೆಯದು ಸಂಕುಚನದ ವಿಧಾನ. ಉಬುಂಟು ಈಗ ಜ಼ೆಡ್‌ಸ್ಟ್ಯಾಂಡರ್ಡ್ ಬಳಸುತ್ತದೆ. ‘ಜನರಲ್ ಸೆಟಪ್’ನಲ್ಲಿ ಅದರ ಬೆಂಬಲ ಎನ್ ಆಗಿದ್ದರೆ ಆ ಕಡತ ಬಿಚ್ಚಿಕೊಳ್ಳುವುದೇ ಇಲ್ಲ.

ರೂಟ್ ಸಿಕ್ಕ ಮೇಲೆ ಮುಂದಿನ ತೊಡಕು ಸಿಸ್ಟಮ್‌ಡಿಯದು (ಉಳಿದ ಸೇವೆಗಳನ್ನೆಲ್ಲ ಶುರು ಮಾಡುವ ತಂತ್ರಾಂಶ). ಟಿಎಂಪಿಎಫ್‌ಎಸ್ (ರಾಮ್‌ನಲ್ಲೇ ಇರುವ ಫೈಲ್ ಸಿಸ್ಟಮ್), ಪ್ರಾಕ್, ಸಿಸ್‌ಎಫ್‌ಎಸ್, ಐನೋಟಿಫೈ, ಸಿಗ್ರೂಪ್ ಎಲ್ಲವೂ ವೈ ಇರಲಿ. ಡೆವ್‌ಟಿಎಂಪಿಎಫ್‌ಎಸ್ ಕೂಡ ಬೇಕೇ ಬೇಕು. ಅದು ‘ಡಿವೈಸ್ ಡ್ರೈವರ್ಸ್’ ಒಳಗಿನ ‘ಜೆನೆರಿಕ್ ಡ್ರೈವರ್ ಆಪ್ಷನ್ಸ್’ನಲ್ಲಿ ಅಡಗಿ ಕುಳಿತಿರುವುದರಿಂದ ಫೈಲ್ ಸಿಸ್ಟಮ್ಸ್ ಮೆನುವನ್ನಷ್ಟೇ ನೋಡುವವರಿಗೆ ಕಾಣುವುದಿಲ್ಲ. ಯುಇಎಫ್‌ಐ ಯಂತ್ರದಲ್ಲಿ /ಬೂಟ್/ಇಎಫ್‌ಐ ವಿಭಾಗ ವಿಫ್ಯಾಟ್‌ನದು. ವಿಫ್ಯಾಟ್ ಇಲ್ಲದಿದ್ದರೆ ಎಫ್‌ಎಸ್‌ಟ್ಯಾಬ್‌ನ (ಬೂಟ್ ವೇಳೆ ಮೌಂಟ್ ಮಾಡಬೇಕಾದ ವಿಭಾಗಗಳ ಪಟ್ಟಿಯ) ಆ ಒಂದು ಸಾಲಿಗೇ ಯಂತ್ರ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ಪ್ರಶ್ನೆ: ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸಿದ್ದರಿಂದ ಕಂಪೈಲ್ ಬೇಗ ಮುಗಿಯಿತು. ಆದರೆ ಈಗ ಪೆನ್‌ಡ್ರೈವ್ ತೆರೆಯುತ್ತಿಲ್ಲ.
— ಹುಮನಾಬಾದ್

ಆ ಕ್ಷಣದಲ್ಲಿ ಲೋಡ್ ಆಗಿರದ ಮಾಡ್ಯೂಲ್‌ಗಳನ್ನೆಲ್ಲ ಲೋಕಲ್‌ಮಾಡ್‌ಕಾನ್ಫಿಗ್ ಕತ್ತರಿಸಿ ಹಾಕುತ್ತದೆ. ನೀವು ಅದನ್ನು ಓಡಿಸಿದಾಗ ಪೆನ್‌ಡ್ರೈವ್ ಚುಚ್ಚಿರಲಿಲ್ಲ, ಆದ್ದರಿಂದ ಯುಎಸ್‌ಬಿ ಸ್ಟೋರೇಜ್, ವಿಫ್ಯಾಟ್, ಎಕ್ಸ್‌ಫ್ಯಾಟ್ ಹೋದವು. ಮುಂದಿನ ಸಲ ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡ್, ವಿಂಡೋಸ್ ವಿಭಾಗ, ಒಂದು ಐಎಸ್‌ಒ ಇಮೇಜ್ ಎಲ್ಲವನ್ನೂ ಮೌಂಟ್ ಮಾಡಿಟ್ಟುಕೊಂಡು ಓಡಿಸಿ. ಇಲ್ಲವೇ ಆದೇಶಕ್ಕೆ ‘ಎಲ್‌ಎಂಸಿ_ಕೀಪ್’ ಎಂಬ ವೇರಿಯಬಲ್ ಸೇರಿಸಿ, ಅದರಲ್ಲಿ ಡ್ರೈವರ್ಸ್/ಯುಎಸ್‌ಬಿ ಮತ್ತು ಎಫ್‌ಎಸ್ ಡೈರೆಕ್ಟರಿಗಳನ್ನು ಕೋಲನ್‌ನಿಂದ ಬೇರ್ಪಡಿಸಿ ಹೆಸರಿಸಿ. ಆ ಭಾಗಗಳನ್ನು ಅದು ಮುಟ್ಟುವುದಿಲ್ಲ. ಸ್ನ್ಯಾಪ್ ಬಳಸುವವರಿಗೆ ಸ್ಕ್ವಾಷ್‌ಎಫ್‌ಎಸ್, ಡಾಕರ್ ಬಳಸುವವರಿಗೆ ಓವರ್‌ಲೇ ಉಳಿದಿದೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಡಿಟಿಪಿ ಅಂಗಡಿ ಇಟ್ಟೀವಿ. ಗಿರಾಕಿಗಳ ಪೆನ್‌ಡ್ರೈವ್‌ನ್ಯಾಗ ಕನ್ನಡ ಹೆಸರಿನ ಫೈಲ್ ಇದ್ದರ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣ್ತಾವ, ತೆರೀಲಿಕ್ಕೂ ಬರಂಗಿಲ್ಲ. ಹೊಸ ಕರ್ನಲ್ ಹಾಕಿದ ಮ್ಯಾಲೆ ಹಿಂಗಾಗ್ಯದ.
— ಯಾದಗಿರಿ

ಕಡತಗಳು ಕೆಟ್ಟಿಲ್ಲ, ಗಾಬರಿಯಾಗಬೇಡಿ. ಫ್ಯಾಟ್ ತನ್ನ ಉದ್ದ ಹೆಸರುಗಳನ್ನು ಯುಟಿಎಫ್-16ರಲ್ಲಿ ಇಡುತ್ತದೆ, ಕರ್ನಲ್ ಅದನ್ನು ಹೊರಗೆ ತೋರಿಸುವಾಗ ಒಂದು ಅಕ್ಷರ ಕೋಷ್ಟಕದ ಮೂಲಕ ಬದಲಿಸುತ್ತದೆ. ಮೆನುವಿನಲ್ಲಿ ಪೂರ್ವನಿಯೋಜಿತವಾಗಿರುವ ಕೋಷ್ಟಕ ಐಎಸ್‌ಒ8859-1. ಅದು ಪಶ್ಚಿಮ ಯುರೋಪಿನ ಭಾಷೆಗಳದು, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗವಿಲ್ಲದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ನಮ್ಮ ಭಾಷೆಯವರು ಕಟ್ಟುವ ಪ್ರತಿ ಕರ್ನಲ್‌ನಲ್ಲೂ ಮೊದಲು ಬದಲಿಸಬೇಕಾದ ಆಯ್ಕೆ ಇದು ಎಂದು ನಾವು ಒತ್ತಿ ಹೇಳುತ್ತೇವೆ. ಫ್ಯಾಟ್ ಉಪಮೆನುವಿನಲ್ಲಿ ‘ಎನೇಬಲ್ ಫ್ಯಾಟ್ ಯುಟಿಎಫ್-8 ಆಪ್ಷನ್ ಬೈ ಡಿಫಾಲ್ಟ್’ ಅನ್ನು ವೈ ಮಾಡಿ. ಮತ್ತೆ ಕಟ್ಟುವ ತನಕ ‘ಯುಟಿಎಫ್8’ ಎಂಬ ಮೌಂಟ್ ಆಯ್ಕೆ ಕೊಟ್ಟರೂ ಹೆಸರು ಸರಿಯಾಗಿ ಬರುತ್ತದೆ. ‘ಐಓಚಾರ್‌ಸೆಟ್=ಯುಟಿಎಫ್8’ ಎಂಬ ಸುಳಿವು ಅಲ್ಲಲ್ಲಿ ಸಿಗುತ್ತದೆ, ಅದನ್ನು ಹಿಡಿಯಬೇಡಿ. ಅದರಿಂದ ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳು ಬೇರೆ ಬೇರೆ ಎಂದಾಗಿ ಫ್ಯಾಟ್‌ನ ನಿಯಮವೇ ಮುರಿಯುತ್ತದೆ.

ಯುಟಿಎಫ್-8 ಬಂತೆಂದು ‘ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್’ನ ಹಳೆಯ ಕೋಷ್ಟಕಗಳನ್ನು ಕಿತ್ತುಹಾಕಬೇಡಿ. ಚಿಕ್ಕ ಹೆಸರುಗಳಿಗೆ ಕೋಡ್‌ಪೇಜ್ 437, ಜೊತೆಗೆ ಐಎಸ್‌ಒ8859-1, ಇವೆರಡನ್ನೂ ಫ್ಯಾಟ್ ಚಾಲಕ ಮೌಂಟ್ ವೇಳೆ ಕೇಳುತ್ತದೆ. ಒಂದು ಇಲ್ಲದಿದ್ದರೂ ‘ರಾಂಗ್ ಎಫ್‌ಎಸ್ ಟೈಪ್’ ಎಂಬ ದಾರಿ ತಪ್ಪಿಸುವ ದೂರು ಬರುತ್ತದೆ, ನಿಜವಾದ ಕಾರಣ ‘ಡಿಮೆಸೇಜ್’ನಲ್ಲಿ (ಕರ್ನಲ್ ಸಂದೇಶಗಳ ದಾಖಲೆಯಲ್ಲಿ) ಮಾತ್ರ ಇರುತ್ತದೆ. ಎಕ್ಸ್‌ಫ್ಯಾಟ್‌ಗೆ ಈ ಕಾಟವಿಲ್ಲ. 2020ರಲ್ಲಿ 5.7ನೇ ಆವೃತ್ತಿಗೆ ಬಂದ ಚಾಲಕದಲ್ಲಿ ಪೂರ್ವನಿಯೋಜಿತ ಕೋಷ್ಟಕವೇ ಯುಟಿಎಫ್-8.

ಯುಟಿಎಫ್-8 ಇಲ್ಲದ ಕರ್ನಲ್‌ನಿಂದಲೇ ಪೆನ್‌ಡ್ರೈವ್‌ಗೆ ಕನ್ನಡ ಹೆಸರಿನ ಕಡತ ಬರೆದಿದ್ದರೆ ಅದು ಬೇರೆ ವಿಷಯ. ಒಂದೊಂದು ಕನ್ನಡ ಸಂಕೇತ (ಅಕ್ಷರ, ಸ್ವರಚಿಹ್ನೆ, ಹಲಂತ ಪ್ರತಿಯೊಂದೂ ಬೇರೆ ಸಂಕೇತ) ಮೂರು ಲ್ಯಾಟಿನ್ ಚಿಹ್ನೆಗಳಾಗಿ ಡಿಸ್ಕ್‌ನಲ್ಲೇ ದಾಖಲಾಗಿರುತ್ತದೆ. ಅಂಥವನ್ನು ಹಳೆಯ ವಿಧಾನದಲ್ಲೇ ಮೌಂಟ್ ಮಾಡಿ, ಎಕ್ಸ್‌ಟಿ4 ವಿಭಾಗಕ್ಕೆ ನಕಲಿಸಿ, ಯುಟಿಎಫ್8 ಆಯ್ಕೆಯೊಂದಿಗೆ ಮತ್ತೆ ಬರೆಯಿರಿ.

ಇನ್ನೊಂದು ಮಿತಿಯೂ ನಿಮ್ಮ ಅಂಗಡಿಗೆ ಬೇಗ ಎದುರಾಗುತ್ತದೆ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರರಲ್ಲೂ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತಗಳಿಗೆ ಮುಗಿಯಿತು. ‘ಕಲಬುರಗಿ’ಗೆ 21 ಬೈಟ್ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, 18 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255 ಸಂಕೇತಗಳ ಹೆಸರು ಸಲ್ಲುವುದರಿಂದ ಮದುವೆ ಕರೆಯೋಲೆಯ ಪೂರ್ತಿ ಒಕ್ಕಣೆಯನ್ನೇ ಹೆಸರಾಗಿ ಇಟ್ಟ ಕಡತ ಅಲ್ಲಿ ಇರುತ್ತದೆ, ಇಲ್ಲಿಗೆ ನಕಲಿಸಿದರೆ ‘ಫೈಲ್ ನೇಮ್ ಟೂ ಲಾಂಗ್’. ಇದನ್ನು ಬದಲಿಸುವ ಆಯ್ಕೆ ಕರ್ನಲ್ ಮೆನುವಿನಲ್ಲಿ ಇಲ್ಲ. ಹೆಸರನ್ನು ಮೂಲದಲ್ಲೇ ಮೊಟಕು ಮಾಡಬೇಕು. ಇ-ಕ್ರಿಪ್ಟ್‌ಎಫ್‌ಎಸ್‌ನಲ್ಲಿ ಹೆಸರುಗಳನ್ನೂ ಗೂಢಲಿಪಿಗೊಳಿಸಿದ್ದರೆ ಮಿತಿ 143 ಬೈಟ್‌ಗೆ, ಅಂದರೆ 47 ಸಂಕೇತಕ್ಕೆ ಇಳಿಯುತ್ತದೆ.

ಪ್ರಶ್ನೆ: ಎನ್‌ಟಿಎಫ್‌ಎಸ್‌ಗೆ ಯಾವ ಚಾಲಕ? ವೈ ಕೊಟ್ಟರೂ ವಿಂಡೋಸ್‌ನ ಡಿ ಡ್ರೈವ್ ಮೌಂಟ್ ಆಗುತ್ತಿಲ್ಲ.
— ಸೇಡಂ

6.12 ಕರ್ನಲ್‌ನಲ್ಲಾದರೆ ಎನ್‌ಟಿಎಫ್‌ಎಸ್3. ಅದು 2021ರಲ್ಲಿ 5.15ಕ್ಕೆ ಬಂತು, ಹಳೆಯ ಎನ್‌ಟಿಎಫ್‌ಎಸ್ ಚಾಲಕವನ್ನು 2024ರ 6.9ರಲ್ಲಿ ತೆಗೆದರು. ಡಿಮೆಸೇಜ್‌ನಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ ಎಂದಿದ್ದರೆ ದೋಷ ನಿಮ್ಮ ಕಾನ್ಫಿಗ್‌ನದಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಯಂತ್ರವನ್ನು ಪೂರ್ತಿ ಮುಚ್ಚದೆ ಅರೆನಿದ್ರೆಗೆ ಕಳಿಸುತ್ತದೆ. ಅದನ್ನು ನಿಲ್ಲಿಸಿ, ಚೆಕ್‌ಡಿಸ್ಕ್ ಓಡಿಸಿ, ಸರಿಯಾಗಿ ಶಟ್‌ಡೌನ್ ಮಾಡಿ ಬನ್ನಿ. ‘ಫೋರ್ಸ್’ ಆಯ್ಕೆಯಿಂದ ಮೌಂಟ್ ಆಗುತ್ತದೆ, ಆದರೆ ಡೇಟಾ ಬೇಕಾದವರು ಅದನ್ನು ಮುಟ್ಟಬಾರದು.

ಪ್ರಶ್ನೆ: ಹಳೆಯ ಡಿಸ್ಕ್ ರೈಸರ್‌ಎಫ್‌ಎಸ್‌ನದು. ಹೊಸ ಕರ್ನಲ್ ಮೆನುವಿನಲ್ಲಿ ಆ ಹೆಸರೇ ಇಲ್ಲ.
— ಶಹಾಪುರ

6.13ರಿಂದ ಅದನ್ನು ತೆಗೆದಿದ್ದಾರೆ. 6.12 ದೀರ್ಘಾವಧಿ ಬೆಂಬಲದ ಆವೃತ್ತಿ, ಅದರಲ್ಲಿ ಇನ್ನೂ ಇದೆ. ಎಂ ಕೊಟ್ಟು ಕಟ್ಟಿ, ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿ, ಎಲ್ಲವನ್ನೂ ಎಕ್ಸ್‌ಟಿ4ಗೆ ಸಾಗಿಸಿಬಿಡಿ.

ಪ್ರಶ್ನೆ: ತೊಗರಿ ಬೇಳೆ ಮಿಲ್‌ನಲ್ಲಿ ತೂಕದ ಯಂತ್ರಕ್ಕೆ ಒಂದು ಸಣ್ಣ ಬೋರ್ಡ್ ಜೋಡಿಸಿದ್ದೇವೆ. ಕರೆಂಟ್ ಹೋದಾಗೊಮ್ಮೆ ಮೆಮೊರಿ ಕಾರ್ಡ್ ಕೆಡುತ್ತದೆ. ಎಫ್2ಎಫ್‌ಎಸ್ ಹಾಕಿದರೆ ಸರಿಹೋಗುತ್ತದೆಯೇ?
— ಕಲಬುರಗಿ

ಎಫ್2ಎಫ್‌ಎಸ್ ಫ್ಲ್ಯಾಶ್ ಮೆಮೊರಿಗೆಂದೇ ಮಾಡಿದ್ದು, ಆದರೂ ಫೈಲ್ ಸಿಸ್ಟಮ್ ಬದಲಿಸಿದರೆ ಸಾಲದು. ಎಕ್ಸ್‌ಟಿ4ನ ಜರ್ನಲ್ ಕಾಯುವುದು ಡಿಸ್ಕ್‌ನ ರಚನೆಯನ್ನು. ಸಾಮಾನ್ಯ ಕಾರ್ಡ್ ಒಳಗೊಳಗೇ ದೊಡ್ಡ ದೊಡ್ಡ ಬ್ಲಾಕ್‌ಗಳನ್ನು ಅಳಿಸಿ ಬರೆಯುತ್ತಿರುತ್ತದೆ. ಆ ನಡುವೆ ವಿದ್ಯುತ್ ಹೋದರೆ ನೀವು ಮುಟ್ಟದ ಹಳೆಯ ಡೇಟಾ ಕೂಡ ಹೋಗಬಹುದು. ಅದನ್ನು ಯಾವ ಜರ್ನಲ್ಲೂ ತಡೆಯದು. ಆದ್ದರಿಂದ ವ್ಯವಸ್ಥೆ ಇರುವ ಕಾರ್ಡ್‌ಗೆ ಬರೆಯುವುದನ್ನೇ ನಿಲ್ಲಿಸಿ.

ರೂಟ್ ವಿಭಾಗವನ್ನು ಸ್ಕ್ವಾಷ್‌ಎಫ್‌ಎಸ್ ಮಾಡಿ, ಅದು ಓದಲು ಮಾತ್ರ. ಮೇಲೆ ಓವರ್‌ಲೇ (ಎರಡು ಪದರಗಳನ್ನು ಒಂದಾಗಿ ತೋರಿಸುವ ವ್ಯವಸ್ಥೆ), ಬರೆಯುವ ಪದರಕ್ಕೆ ಟಿಎಂಪಿಎಫ್‌ಎಸ್. ಟಿಎಂಪಿಎಫ್‌ಎಸ್ ಮಿತಿ ಹೇಳದಿದ್ದರೆ ರಾಮ್‌ನ ಅರ್ಧದವರೆಗೆ ಬೆಳೆಯುತ್ತದೆ, 1 ಜಿಬಿ ಬೋರ್ಡ್‌ನಲ್ಲಿ 128 ಎಂಬಿ ಎಂದು ಬರೆದಿಡಿ. ಕರ್ನಲ್‌ನಲ್ಲಿ ಸ್ಕ್ವಾಷ್‌ಎಫ್‌ಎಸ್, ಓವರ್‌ಲೇ, ಎಂಎಂಸಿ ಕಂಟ್ರೋಲರ್ ಮೂರೂ ವೈ, ಟಿಎಂಪಿಎಫ್‌ಎಸ್‌ನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ಸ್ ಕೂಡ ವೈ. ಇಮೇಜ್ ಕಟ್ಟಿದ ಸಂಕುಚನ ವಿಧಾನಕ್ಕೂ ಬೇರೆಯಾಗಿ ವೈ ಕೊಡಬೇಕು: ಎಕ್ಸ್‌ಜ಼ೆಡ್‌ನಲ್ಲಿ ಕಟ್ಟಿ ಜ಼ೆಡ್‌ಲಿಬ್ ಮಾತ್ರ ಆರಿಸಿದ್ದರೆ ರೂಟ್ ಮೌಂಟ್ ಆಗುವುದಿಲ್ಲ. ಬೂಟ್ ಸಾಲಿಗೆ ‘ರೂಟ್‌ವೇಟ್’ ಸೇರಿಸಿ. ಕಾರ್ಡ್ ಪತ್ತೆಯಾಗಲು ಹೊತ್ತು ಹಿಡಿಯುತ್ತದೆ, ಕರ್ನಲ್ ಅದಕ್ಕೂ ಮೊದಲೇ ಹುಡುಕಿ ಪ್ಯಾನಿಕ್ ಆಗಬಾರದು.

ತೂಕದ ದಾಖಲೆಗೆ ಬೇರೆ ಯುಎಸ್‌ಬಿ ಡಿಸ್ಕ್, ಎಕ್ಸ್‌ಟಿ4, ‘ನೋಎಟೈಮ್’ (ಕಡತ ಓದಿದ ಸಮಯವನ್ನು ಬರೆದಿಡದ ಮೌಂಟ್ ಆಯ್ಕೆ). ಎಕ್ಸ್‌ಟಿ4 ತಾನಾಗಿ 5 ಸೆಕೆಂಡಿಗೊಮ್ಮೆ ಜರ್ನಲ್ ಒಪ್ಪಿಸುತ್ತದೆ, ಆದ್ದರಿಂದ ಕೊನೆಯ ಚೀಲಗಳ ತೂಕ ಉಳಿಯಬೇಕೆಂದರೆ ಪ್ರತಿ ದಾಖಲೆಯಾದ ಮೇಲೂ ತಂತ್ರಾಂಶ ‘ಎಫ್‌ಸಿಂಕ್’ (ಡೇಟಾವನ್ನು ಕೂಡಲೇ ಡಿಸ್ಕ್‌ಗೆ ಬರೆಯಿಸುವ ಆದೇಶ) ಕರೆಯಲೇಬೇಕು. 2013ರಲ್ಲಿ 3.8ಕ್ಕೆ ಸೇರಿದ ಎಫ್2ಎಫ್‌ಎಸ್ ವೇಗದಲ್ಲಿ ಚೆನ್ನಾಗಿದೆ. ಆದರೂ ರೈತರ ಹಣದ ಲೆಕ್ಕ ಇರುವ ಕಡೆ, ರಿಪೇರಿ ಸಲಕರಣೆ ಹೆಚ್ಚು ಪಳಗಿರುವ ಎಕ್ಸ್‌ಟಿ4ಯೇ ನಮ್ಮ ಆಯ್ಕೆ. ಬೋರ್ಡ್‌ಗೊಂದು ಚಿಕ್ಕ ಯುಪಿಎಸ್ ಕೂಡ ಇರಲಿ.

ಪ್ರಶ್ನೆ: ಹೊಸ ಕರ್ನಲ್ ಹಾಕುವಾಗ ಬೂಟ್ ವಿಭಾಗ ತುಂಬಿಹೋಗುತ್ತದೆ.
— ಆಳಂದ

ಡೀಬಗ್ ಮಾಹಿತಿ ಹೊತ್ತ ಮಾಡ್ಯೂಲ್‌ಗಳು ಇನಿಟ್‌ರಾಮ್‌ಎಫ್‌ಎಸ್ ಅನ್ನು ಉಬ್ಬಿಸುತ್ತಿವೆ. ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಸೇರಿಸಿ ಮಾಡ್ಯೂಲ್‌ಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ‘ಕರ್ನಲ್ ಹ್ಯಾಕಿಂಗ್’ ಮೆನುವಿನಲ್ಲಿ ಡೀಬಗ್ ಮಾಹಿತಿಯನ್ನೇ ತೆಗೆದರೆ ಕಂಪೈಲ್‌ಗೆ ಬೇಕಾದ ಜಾಗವೂ ಬಹಳ ಇಳಿಯುತ್ತದೆ.

ಪ್ರಶ್ನೆ: ಕಾಲೇಜು ಲ್ಯಾಬ್‌ನ ಡಿಸ್ಕ್ ಇಲ್ಲದ ಯಂತ್ರಗಳನ್ನು ಸರ್ವರ್‌ನಿಂದ ಬೂಟ್ ಮಾಡಬೇಕಿದೆ. ‘ರೂಟ್ ಫೈಲ್ ಸಿಸ್ಟಮ್ ಆನ್ ಎನ್‌ಎಫ್‌ಎಸ್’ ಆಯ್ಕೆ ಮೆನುವಿನಲ್ಲಿ ಕಾಣುತ್ತಿಲ್ಲ.
— ಕಲಬುರಗಿ

ಅವಲಂಬನೆ ಪೂರೈಸದ ಆಯ್ಕೆಯನ್ನು ಮೆನು ತೋರಿಸುವುದಿಲ್ಲ. ಸ್ಲ್ಯಾಶ್ ಕೀಲಿ ಒತ್ತಿ ‘ರೂಟ್_ಎನ್‌ಎಫ್‌ಎಸ್’ ಹುಡುಕಿದರೆ ಏನು ಬಾಕಿ ಎಂದು ಕಾಣುತ್ತದೆ: ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಕಡತ ಹಂಚುವ ವ್ಯವಸ್ಥೆ) ಕ್ಲೈಂಟ್ ವೈ ಇರಬೇಕು, ಎಂ ಸಾಲದು. ನೆಟ್‌ವರ್ಕಿಂಗ್ ಮೆನುವಿನಲ್ಲಿ ‘ಐಪಿ: ಕರ್ನಲ್ ಲೆವೆಲ್ ಆಟೋಕಾನ್ಫಿಗರೇಷನ್’ ವೈ ಇರಬೇಕು, ಅದರ ಕೆಳಗಿನ ಡಿಎಚ್‌ಸಿಪಿಯನ್ನೂ ಆರಿಸಿ. ಬಳಿಕ ನೆಟ್‌ವರ್ಕ್ ಕಾರ್ಡ್ ಚಾಲಕಕ್ಕೂ ವೈ ಕೊಡಿ. ಆ ಕಾರ್ಡ್‌ಗೆ ಫರ್ಮ್‌ವೇರ್ ಕಡತ ಬೇಕಿದ್ದರೆ ಅದನ್ನು ‘ಎಕ್ಸ್‌ಟ್ರಾ ಫರ್ಮ್‌ವೇರ್’ ಮೂಲಕ ಕರ್ನಲ್‌ನಲ್ಲೇ ಸೇರಿಸಿ.

ಬೂಟ್ ಸಾಲು ಹೀಗಿರಲಿ: ‘ರೂಟ್=/ಡೆವ್/ಎನ್‌ಎಫ್‌ಎಸ್ ಎನ್‌ಎಫ್‌ಎಸ್‌ರೂಟ್=192.168.1.10:/ಎಸ್‌ಆರ್‌ವಿ/ಲ್ಯಾಬ್,ವರ್ಸ್=3,ಟಿಸಿಪಿ ಐಪಿ=ಡಿಎಚ್‌ಸಿಪಿ’. ಐಪಿ ವಿಳಾಸ ನಿಮ್ಮ ಸರ್ವರ್‌ನದು ಹಾಕಿಕೊಳ್ಳಿ. ಆವೃತ್ತಿ ಮತ್ತು ಟಿಸಿಪಿಯನ್ನು ಬಿಡದೆ ಬರೆಯಿರಿ, ಊಹೆಗೆ ಬಿಟ್ಟರೆ ಸರ್ವರ್ ಒಪ್ಪದ ಆವೃತ್ತಿಯನ್ನು ಕೇಳಿ ಕರ್ನಲ್ ಅಲ್ಲೇ ನಿಲ್ಲಬಹುದು. ಸರ್ವರ್‌ನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ‘ನೋ_ರೂಟ್_ಸ್ಕ್ವಾಷ್’ (ಕ್ಲೈಂಟ್ ಯಂತ್ರದ ರೂಟ್ ಬಳಕೆದಾರರಿಗೆ ಸರ್ವರ್ ಕಡತಗಳ ಮೇಲೂ ರೂಟ್ ಅಧಿಕಾರ) ಇಲ್ಲದಿದ್ದರೆ ಬೂಟ್ ಅರ್ಧಕ್ಕೆ ಬಂದು ಅನುಮತಿ ನಿರಾಕರಣೆಯಾಗುತ್ತದೆ. ಹಾಗಾಗಿ ಆ ಅನುಮತಿಯನ್ನು ಲ್ಯಾಬ್‌ನ ವಿಳಾಸ ಶ್ರೇಣಿಗೆ ಮಾತ್ರ ಕೊಡಿ. ಎಲ್ಲ ಯಂತ್ರಗಳೂ ಒಂದೇ ರೂಟ್ ಹಂಚಿಕೊಳ್ಳುವುದಾದರೆ ಅದನ್ನು ಓದಲು ಮಾತ್ರ ಎಂದು ಎಕ್ಸ್‌ಪೋರ್ಟ್ ಮಾಡಿ, ಪ್ರತಿ ಯಂತ್ರದ /ವಾರ್ ಮತ್ತು /ಟಿಎಂಪಿಗಳನ್ನು ಟಿಎಂಪಿಎಫ್‌ಎಸ್‌ಗೆ ಹಾಕಿ. ವಿದ್ಯಾರ್ಥಿಗಳ ಹೋಮ್ ಡೈರೆಕ್ಟರಿಗೆ ಬರೆಯಬಲ್ಲ ಬೇರೆ ಎಕ್ಸ್‌ಪೋರ್ಟ್ ಇರಲಿ, ಅದಕ್ಕೆ ‘ನೋ_ರೂಟ್_ಸ್ಕ್ವಾಷ್’ ಕೊಡಬೇಡಿ.