‘ಕ್ಲ್ಯಾಮರ್’ ಅಂದರೆ ಗದ್ದಲವೋ, ಬೇಡಿಕೆಯೋ, ಪ್ರತಿಭಟನೆಯೋ?

ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕ್ಲ್ಯಾಮರ್’ ಪದಕ್ಕೆ ಒಂದೊಂದು ಕಡೆ ಒಂದೊಂದು ಅರ್ಥ ಬರುತ್ತದೆ, ಯಾವುದನ್ನು ಹಿಡಿಯಬೇಕು ಎಂದು ಕೇಳಿದ್ದೀರಿ. ಅದಾದ ಕೂಡಲೇ ಬರುವ ಪುಟ್ಟ ಪದವನ್ನು ನೋಡಿ, ಅರ್ಥ ಅಲ್ಲೇ ಸಿಗುತ್ತದೆ.

‘ಫಾರ್’ ಬಂದರೆ ಬೇಕೆಂಬ ಕೂಗು. ‘ಎ ಗ್ರೋಯಿಂಗ್ ಕ್ಲ್ಯಾಮರ್ ಫಾರ್ ರಿಫಾರ್ಮ್’ ಅಂದರೆ ಸುಧಾರಣೆ ಬೇಕೆಂಬ ಕೂಗು ಜೋರಾಗುತ್ತಿದೆ ಎಂದು. ‘ಅಗೇನ್‌ಸ್ಟ್’ ಬಂದರೆ ಬೇಡವೆಂಬ ಕೂಗು. ಹುಯಿಲು, ಬೊಬ್ಬೆ ಎರಡೂ ಇಲ್ಲಿ ಚೆನ್ನಾಗಿ ಹೊಂದುತ್ತವೆ. ‘ಆಫ್’ ಬಂದರೆ ಹೆಚ್ಚಾಗಿ ಬರೀ ಸದ್ದು: ಗಂಟೆಗಳದ್ದು, ಜನಜಂಗುಳಿಯದ್ದು, ಹಕ್ಕಿಗಳದ್ದು. ‘ಟು’ ಬಂದು ಅದಾದ ಮೇಲೆ ಕ್ರಿಯಾಪದವಿದ್ದರೆ ಕನ್ನಡದಲ್ಲಿ ‘ಮುಗಿಬೀಳು’ ಅನ್ನುವುದೇ ಸರಿ. ‘ರಿಪೋರ್ಟರ್ಸ್ ಕ್ಲ್ಯಾಮರ್ಡ್ ಟು ಸ್ಪೀಕ್ ಟು ಹರ್’ ಎಂಬುದನ್ನು ‘ವರದಿಗಾರರು ಗದ್ದಲ ಮಾಡಿದರು’ ಎಂದು ಅನುವಾದಿಸಿದರೆ ಮಾತಾಡಿಸುವ ಆತುರವೇ ಬಿಟ್ಟುಹೋಗುತ್ತದೆ.

ಎಲ್ಲ ಕಡೆಯೂ ‘ಪ್ರತಿಭಟನೆ’ ಎಂದು ಹಾಕುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಪ್ರತಿಭಟನೆಯನ್ನು ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮೌನವಾಗಿಯೂ ಮಾಡಬಹುದು. ಕ್ಲ್ಯಾಮರ್‌ಗೆ ದನಿ ಬೇಕು, ಪಟ್ಟು ಬೇಕು, ಸಾಮಾನ್ಯವಾಗಿ ಹಲವು ಬಾಯಿಗಳೂ ಬೇಕು.

ಇದರ ನೆರೆಯ ಪದ ‘ಔಟ್‌ಕ್ರೈ’. ಒಂದು ನಿರ್ಧಾರವೋ ಘಟನೆಯೋ ಆದ ಮೇಲೆ ಸಿಡಿಯುವ ಸಾರ್ವಜನಿಕ ಆಕ್ರೋಶ ಅದು. ಅದಕ್ಕೇ ‘ಪಬ್ಲಿಕ್’ ಅದಕ್ಕಿಂತ ಮೊದಲು ಅಷ್ಟು ಸಲ ಬರುತ್ತದೆ. ಯಾವುದರ ಬಗ್ಗೆ ಎಂದು ಹೇಳಲು ‘ಓವರ್’ ಅಥವಾ ‘ಅಗೇನ್‌ಸ್ಟ್’ ಸೇರಿಸಿ. ಇಂದಿನ ಬಳಕೆಯಲ್ಲಿ ಅದು ನಾಮಪದ ಮಾತ್ರ, ಆದ್ದರಿಂದ ‘ದೇ ಔಟ್‌ಕ್ರೈಡ್’ ಎಂದು ಬರೆಯಬೇಡಿ. ‘ಓಪನ್ ಔಟ್‌ಕ್ರೈ’ ಮಾತ್ರ ಬೇರೆಯೇ ಸಂಗತಿ: ಷೇರು, ಸರಕು ವಿನಿಮಯ ಕೇಂದ್ರಗಳಲ್ಲಿ ಕೂಗಿ, ಕೈಸನ್ನೆ ಮಾಡಿ ನಡೆಸುವ ವ್ಯಾಪಾರ. ಅಲ್ಲಿ ಆಕ್ರೋಶದ ಸುಳಿವೂ ಇಲ್ಲ. ‘ಹ್ಯೂ ಅಂಡ್ ಕ್ರೈ’ ಹಳೆಯ ಇಂಗ್ಲಿಷ್ ಕಾನೂನಿನಿಂದ ಬಂದದ್ದು. ಅಪರಾಧಿಯನ್ನು ಕಂಡವರು ಕೂಗಿ ಊರವರನ್ನು ಸೇರಿಸಿ ಬೆನ್ನಟ್ಟಬೇಕೆಂಬ ಆ ಪದ್ಧತಿ 1285ರ ವಿಂಚೆಸ್ಟರ್ ಕಾಯ್ದೆಯಲ್ಲೂ ಇದೆ. ಈಗ ಅದಕ್ಕೆ ದೊಡ್ಡ ರಂಪ ಎಂಬಷ್ಟೇ ಅರ್ಥ.

ಕಾಗುಣಿತದಲ್ಲಿ ಎಡವುವವರು ಬಹಳ. ಬ್ರಿಟಿಷ್ ಬರಹದಲ್ಲಿ ಕ್ಲ್ಯಾಮರ್‌ನ ಕೊನೆ ‘ಒ-ಯು-ಆರ್’, ಅಮೆರಿಕದಲ್ಲಿ ‘ಒ-ಆರ್’. ಆದರೆ ವಿಶೇಷಣವಾದ ‘ಕ್ಲ್ಯಾಮರಸ್’ ಬರೆಯುವಾಗ ‘ಎಂ’ ಆದ ಮೇಲಿನ ‘ಒ’ ಪಕ್ಕದ ‘ಯು’ ಬ್ರಿಟಿಷ್ ಬರಹದಲ್ಲೂ ಬಿದ್ದುಹೋಗುತ್ತದೆ. ಕೂಗು ಎಂಬರ್ಥದ ಲ್ಯಾಟಿನ್ ‘ಕ್ಲಾಮಾರೆ’ ಇದರ ಬೇರು. ‘ಕ್ಲೇಮ್’, ‘ಎಕ್ಸ್‌ಕ್ಲೇಮ್’, ‘ಪ್ರೊಕ್ಲೇಮ್’ ಹುಟ್ಟಿದ್ದೂ ಅದರಿಂದಲೇ. ದನಿಯಲ್ಲಿ ಹತ್ತಿರವಿರುವ ‘ಗ್ಲ್ಯಾಮರ್’ ಮಾತ್ರ ಈ ಕುಟುಂಬದ್ದಲ್ಲ, ಅದು ಸ್ಕಾಟ್ಲೆಂಡಿನಲ್ಲಿ ‘ಗ್ರಾಮರ್’ ಪದ ರೂಪ ಬದಲಿಸಿಕೊಂಡು ಬಂದದ್ದು.